ಬಿಸಿ ಕೈಯ ಎಣಿಕೆ

ಅವತ್ತು ಮುಂಜಾನೆ ಗಂಟೆಯನ್ನು ಮೂವತ್ತೆರಡು ಸಲ ಹೊಡೆದವಳು ನಾನೇ. ಮೂವತ್ತು ದಾಟಿದ ಕೂಡಲೇ ಕೆಳಗಿನ ಓಣಿಯಿಂದ ಒಂದು ಖುಷಿಯ ಕೂಗು ಕೇಳಿಸಿತು. ಹಗುರ ದಿನ ಬಂದರೆ ನಮ್ಮೂರಿನವರು ಹಾಗೆ ಕೂಗುತ್ತಾರೆ. ನಾನೂ ಒಳಗೊಳಗೆ ಖುಷಿಪಟ್ಟೆ. ಮನೆಯಲ್ಲಿ ಏಳು ಕೌದಿ ತೊಳೆಯುವುದಿತ್ತು, ನೆಂದರೆ ಎತ್ತಲಾಗದ ದಪ್ಪ ಹೊದಿಕೆಗಳು. ಮಧ್ಯಾಹ್ನದ ಹೊತ್ತಿಗೆ ಕಲ್ಲು ಕೆಲಸದ ಯಮನೂರಪ್ಪ ಬಾಗಿಲ ಮೇಲಿನ ತೊಲೆಗಲ್ಲಿನ ಕೆಳಗೆ ಸಿಕ್ಕು ಸತ್ತುಹೋದ.

ನಮ್ಮೂರಿನಲ್ಲಿ ಭಾರ ಎನ್ನುವುದು ದಿನಕ್ಕೊಂದು ತರ. ಬೆಳಕು ಹರಿಯುವಾಗ ಬದಲಾಗುತ್ತದೆ, ಆಮೇಲೆ ಮರುದಿನದ ತನಕ ಅಲುಗುವುದಿಲ್ಲ. ದೊಡ್ಡ ವ್ಯತ್ಯಾಸವೇನಲ್ಲ. ಒಂದು ಕೊಡ ನೀರು ಒಂದು ದಿನ ಒಂದೂಕಾಲು ಕೊಡದಷ್ಟು ಜಗ್ಗುತ್ತದೆ, ಇನ್ನೊಂದು ದಿನ ಮುಕ್ಕಾಲು ಕೊಡದಷ್ಟು. ಇದಕ್ಕೆ ತಕ್ಕ ಹಾಗೆ ನಾವು ಬದುಕುತ್ತೇವೆ. ಭಾರದ ದಿನ ಮುದುಕರು ಮೆಟ್ಟಿಲು ಹತ್ತುವುದಿಲ್ಲ, ತುಂಬಿದ ಬಸುರಿಯರು ಹೊಸ್ತಿಲು ದಾಟುವುದಿಲ್ಲ, ಕುಸ್ತಿಯ ಗರಡಿಗೆ ಬೀಗ. ಹಗುರ ದಿನ ಸಿಕ್ಕಿತೋ, ವರ್ಷದಿಂದ ಮೂಲೆಯಲ್ಲಿ ಬಿದ್ದ ಬೀಸುಕಲ್ಲು ಕೂಡ ಜಾಗ ಬದಲಾಯಿಸುತ್ತದೆ. ಬೀಗರನ್ನು ಊಟಕ್ಕೆ ಕರೆಯುವುದೂ ಹಗುರ ದಿನದಲ್ಲೇ, ಅವರು ನಾಲ್ಕು ಹೋಳಿಗೆ ಹೆಚ್ಚು ತಿಂದರೂ ಎದ್ದು ನಡೆದು ಹೋಗಲಿ ಎಂದು. ಹೆಣ ಹೊರುವವರು ಮಾತ್ರ ಗಂಟೆ ಕೇಳುವುದಿಲ್ಲ. ಅದನ್ನು ಯಾವ ದಿನ ಬಂದರೆ ಆ ದಿನ ಹೊರುತ್ತಾರೆ.

ದಿನದ ಭಾರ ಎಷ್ಟೆಂದು ಹೇಳುವುದು ಎಣಿಕೆ ಕಟ್ಟೆಯ ಕೆಲಸ. ಗುಡ್ಡದ ಇಳಿಜಾರಿನಲ್ಲಿ ಬಂಡೆಯನ್ನು ಕೊರೆದು ಉದ್ದಕ್ಕೆ ಒಂದು ಹಾದಿ ಮಾಡಿದ್ದಾರೆ, ಅಂಗೈ ಅಗಲದ್ದು, ಎಣ್ಣೆ ಸವರಿ ಸವರಿ ಕಪ್ಪಾದದ್ದು. ಮೇಲಿನ ತುದಿಯಲ್ಲಿ ಕಬ್ಬಿಣದ ಗುಂಡು. ಕೆಳಗೆ ಕಟ್ಟೆಯ ಮೇಲೆ ಕೂತು ದಾರ ಎಳೆದರೆ ಗುಂಡು ಬಿಡುಗಡೆಯಾಗಿ ಉರುಳುತ್ತ ಬರುತ್ತದೆ, ಬಂದು ಜಾಗಟೆಗೆ ಬಡಿಯುತ್ತದೆ. ಭಾರದ ದಿನ ಬೇಗ ಬರುತ್ತದೆ, ಹಗುರ ದಿನ ನಿಧಾನ. ಆ ಹೊತ್ತನ್ನು ಎಣಿಸುವುದು ಊರ ನಾಡಿಯಿಂದ. ಊರ ನಾಡಿ ಎಂದರೆ ಒಬ್ಬ ಮನುಷ್ಯ. ಅವನ ಮುಂಗೈ ಹಿಡಿದು ನಾಡಿಯ ಬಡಿತ ಎಷ್ಟಾಯಿತೆಂದು ಎಣಿಸಿ, ಅಷ್ಟು ಸಲ ಗಂಟೆ ಹೊಡೆಯಬೇಕು. ಮೂವತ್ತು ಬಂದರೆ ಸಾಧಾರಣ ದಿನ. ಅದಕ್ಕಿಂತ ಕಡಿಮೆ ಬಂದರೆ ಭಾರ, ಹೆಚ್ಚು ಬಂದರೆ ಹಗುರ.

ನಲವತ್ತೊಂದು ವರ್ಷದಿಂದ ಊರ ನಾಡಿಯಾಗಿದ್ದವರು ಅಡಿವೆಯ್ಯಜ್ಜ. ಮದುವೆಯಾಗಲಿಲ್ಲ, ಖಾರ ತಿನ್ನಲಿಲ್ಲ, ಗಂಟೆಗೆ ಮುಂಚೆ ಚಹಾ ಕುಡಿಯಲಿಲ್ಲ. ಬೆಳಗಾಗುವ ಮುಂಚೆ ಊರಿನಲ್ಲಿ ಯಾರು ಸತ್ತರೂ ಗಂಟೆಯಾಗುವ ತನಕ ಅವರಿಗೆ ಸುದ್ದಿ ಮುಟ್ಟಿಸುವಂತಿಲ್ಲ. ಅವರ ತಮ್ಮ ತೀರಿಕೊಂಡಾಗ ಮನೆಯವರು ಬಾಯಿಗೆ ಸೆರಗು ಒತ್ತಿಕೊಂಡು ಕಟ್ಟೆಯ ಕೆಳಗೆ ನಿಂತಿದ್ದರಂತೆ. ಅವರ ಕೈ ಹಿಡಿದು ಎಣಿಸುವ ಕೆಲಸಕ್ಕೆ ನಾನು ಸೇರಿ ಹನ್ನೊಂದು ವರ್ಷವಾಗಿತ್ತು. ಗಂಡನ ಕೈಯನ್ನೂ ನಾನು ಅಷ್ಟು ಸಲ ಹಿಡಿದಿಲ್ಲ ಎಂದು ನನ್ನ ಅತ್ತೆ ಚುಚ್ಚುತ್ತಿದ್ದಳು, ಅದು ನಿಜವೇ.

ಹನ್ನೊಂದು ವರ್ಷ ಒಂದೇ ಕೈ ಹಿಡಿದವಳಿಗೆ ಆ ಕೈ ಹೇಗಿದೆ ಎಂದು ತಿಳಿಯದೆ ಇರುತ್ತದೆಯೇ? ಅವತ್ತು ಅಜ್ಜನ ಕೈ ಬಿಸಿಯಾಗಿತ್ತು. ಸುಡುವಷ್ಟಲ್ಲ. ಬಿಸಿಲಿನಲ್ಲಿಟ್ಟ ಹಿತ್ತಾಳೆ ಚೊಂಬಿನಷ್ಟು. ನಾನು ಒಂದು ಗಳಿಗೆ ಅವರ ಮುಖ ನೋಡಿದೆ. ಅವರು ಗುಂಡಿನ ಹಾದಿಯನ್ನೇ ನೋಡುತ್ತಿದ್ದರು. ಊರ ನಾಡಿಗೆ ಹುಷಾರಿಲ್ಲದಿದ್ದರೆ ಗಂಟೆ ಹೊಡೆಯಬಾರದು, ಆ ದಿನ ಊರಲ್ಲಿ ಎತ್ತುವ ಇಳಿಸುವ ಕೆಲಸವೆಲ್ಲ ಬಂದ್ ಎನ್ನುವುದು ನಿಯಮ. ಅದು ಅವರಿಗೂ ಗೊತ್ತು, ನನಗೂ ಗೊತ್ತು. ನಾನು ದಾರ ಎಳೆದೆ, ಎಣಿಸಿದೆ. ಮೂವತ್ತೆರಡಕ್ಕೆ ಜಾಗಟೆ ಬಡಿಯಿತು.

ಆಮೇಲೆ ಹಳ್ಳಕ್ಕೆ ಹೋಗಿ ಕೌದಿ ತೊಳೆದೆ. ನೆಂದ ಕೌದಿ ಎತ್ತಿ ಬಂಡೆಗೆ ಹಾಕುವಾಗ ಸೊಂಟ ಕಳಚಿದಂತಾಯಿತು. ಮೂವತ್ತೆರಡರ ದಿನವೂ ಹೀಗಾದರೆ ನನಗೆ ವಯಸ್ಸಾಯಿತು ಎಂದುಕೊಂಡೆ. ನಾಲ್ಕನೇ ಕೌದಿ ಹಿಂಡುವಾಗ ಊರ ಕಡೆಯಿಂದ ಕೂಗಾಟ ಕೇಳಿತು.

ಕಲ್ಲು ಬಿದ್ದದ್ದು ಕೂಸುಗಳ ದವಾಖಾನೆಯ ಅಂಗಳದಲ್ಲಿ. ಹೊಸ ಕಟ್ಟಡದ ಬಾಗಿಲಿಗೆ ತೊಲೆಗಲ್ಲು ಏರಿಸುತ್ತಿದ್ದರು. ಮೂವತ್ತೆರಡು ಅಥವಾ ಅದಕ್ಕೂ ಮೇಲಿನ ಎಣಿಕೆ ಬಂದರೆ ಅಂಥ ಕಲ್ಲನ್ನು ಒಂಟಿ ಹಗ್ಗದಲ್ಲಿ ಏರಿಸಬಹುದು, ಅದಕ್ಕಿಂತ ಕಡಿಮೆಯಾದರೆ ಜೋಡಿ ಹಗ್ಗ ಬೇಕು. ಅವರು ನಿಯಮ ಮೀರಲಿಲ್ಲ. ಒಂಟಿ ಹಗ್ಗ ರಾಟೆಗೆ ಹಾಕಿ ಎಳೆದರು. ಕಲ್ಲು ಆಳೆತ್ತರ ದಾಟಿದ ಮೇಲೆ ಹಗ್ಗ ಹರಿಯಿತು. ಅಂಗಳದ ಇನ್ನೊಂದು ಮೂಲೆಯಲ್ಲಿ ನರ್ಸಬಾಯಿ ಜೈನಾಬಿ ತಿಂಗಳ ತೂಕ ಮಾಡುತ್ತಿದ್ದಳು. ತೊಟ್ಟಿಲಬಟ್ಟೆಯಲ್ಲಿ ತೂಗುತ್ತಿದ್ದ ಕೂಸು ಯಮನೂರಪ್ಪನದೇ. ಅವನ ಹೆಂಡತಿ ರೇಣವ್ವ ಕೂಸಿನ ಕಾಲು ಹಿಡಿದು ನಿಂತಿದ್ದಳು, ತಿರುಗಿ ನೋಡಿದಳು. ಅದಕ್ಕಿಂತ ಹೆಚ್ಚು ಬರೆಯಲು ನನಗೆ ಆಗುವುದಿಲ್ಲ.

ಹಗ್ಗ ಫಕೀರವ್ವ ಹೊಸೆದದ್ದು. ಪುಂಡಿ ನಾರು ತಂದು, ನೆನೆಸಿ, ಸೋಸಿ, ಚಕ್ರ ತಿರುಗಿಸಿ ಹಗ್ಗ ಮಾಡುವವಳು ಊರಿನಲ್ಲಿ ಅವಳೊಬ್ಬಳೇ. ಅರವತ್ತರ ಹತ್ತಿರದ ಹೆಂಗಸು, ಮಾತು ಕಡಿಮೆ, ಅಂಗೈ ಮರದ ತೊಗಟೆಯಂತೆ. ಹಗ್ಗ ಹರಿದು ಜೀವ ಹೋದರೆ ನಮ್ಮಲ್ಲಿ ಪದ್ಧತಿ ಇದೆ. ಹೊಸೆದವರಿಗೆ ನಲವತ್ತು ದಿನ ಕೊಡುತ್ತಾರೆ. ಅಷ್ಟರಲ್ಲಿ ಹಗ್ಗದ್ದು ತಪ್ಪಿಲ್ಲವೆಂದು ತೋರಿಸದಿದ್ದರೆ ಹೊಸೆಯುವ ಚಕ್ರವನ್ನು ಊರ ಹೆಬ್ಬಾಗಿಲಾದ ಅಗಸಿಯ ಮುಂದೆ ಸುಟ್ಟು ಊರು ಬಿಡಿಸುತ್ತಾರೆ. ಯಮನೂರಪ್ಪನ ಮಣ್ಣು ಮುಗಿದ ಮರುದಿನವೇ ಗೌಡರು ಹೇಳಿಕಳಿಸಿದರು. ಅವಳು "ಆತು" ಎಂದಷ್ಟೇ ಅಂದಳಂತೆ.

ಮೊದಲ ವಾರ ನಾನು ಏನೂ ಮಾಡಲಿಲ್ಲ. ಇದನ್ನು ಮುಚ್ಚಿಡುವುದಿಲ್ಲ. ಹಗ್ಗ ಕೊಳೆತಿರಬಹುದು, ನಾರಿನಲ್ಲಿ ಕಸ ಇರಬಹುದು ಎಂದು ಮನಸ್ಸಿಗೆ ಹೇಳಿಕೊಂಡೆ. ಹೇಳಿಕೊಳ್ಳುವುದು ಸುಲಭವಾಗಿತ್ತು, ಏಕೆಂದರೆ ಊರೆಲ್ಲ ಅದನ್ನೇ ಹೇಳುತ್ತಿತ್ತು. ಎಂಟನೇ ದಿನ ಗಂಟೆ ಮೂವತ್ತೆರಡು ಬಂತು. ಅಜ್ಜನ ಕೈ ಅವತ್ತು ತಣ್ಣಗಿತ್ತು. ಫಕೀರವ್ವ ಸೀದಾ ಕಟ್ಟೆಗೆ ಬಂದು ನನ್ನ ಮುಂದೆ ನಿಂತಳು. ಹೆಗಲ ಮೇಲೆ ಹರಿದು ಉಳಿದ ಹಗ್ಗ.

"ಕಸ್ತೂರಿ, ಇವತ್ತ ಮೂವತ್ತೆರಡು ಐತಿ. ಅದ ಕಲ್ಲು, ಅದ ಹಗ್ಗ. ಕಟ್ಟಿ ಏರಿಸ್ರಿ. ನೀನು ಬಂದು ನೋಡು."

"ನಾನ್ಯಾಕ್ ಬೇ ಫಕೀರವ್ವಾ?"

"ಎಣಿಸಾಕಿ ನೀನಲ್ಲೇನು? ಎಣಿಸಾಕಿ ನೋಡಿದ್ರ ನಾಳೆ ಯಾರೂ ಇಲ್ಲ ಅನ್ನೂದಿಲ್ಲ."

ಹತ್ತು ಗಂಡಸರು ದೂರ ನಿಂತು ಆ ಕಲ್ಲನ್ನು ಏರಿಸಿದರು. ಬುಡಕ್ಕೆ ಯಾರೂ ಹೋಗಲಿಲ್ಲ. ಹಗ್ಗ ಕಿರ್ ಎಂದಿತು, ಹಿಡಿಯಿತು. ಒಂದು ತಾಸು ಕಲ್ಲನ್ನು ಗಾಳಿಯಲ್ಲೇ ಬಿಟ್ಟರು. ಹಗ್ಗದ ಒಂದು ಎಳೆಯೂ ಎದ್ದು ನಿಲ್ಲಲಿಲ್ಲ. ಇಳಿಸಿದ ಮೇಲೆ ಗೌಡರ ಆಳು ಒಬ್ಬ, "ಕೊಳತದ್ದು ಹರದು ಹೋತು, ಗಟ್ಟಿ ಇದ್ದದ್ದು ಉಳೀತು" ಎಂದ. ಜನ ಹೌದಲ್ಲ ಎಂದು ತಲೆದೂಗಿದರು. ಫಕೀರವ್ವ ಹಗ್ಗ ಸುತ್ತಿಕೊಳ್ಳುತ್ತ ನನಗೆ ಮಾತ್ರ ಕೇಳುವಂತೆ ಅಂದಳು: "ಎಲ್ಲಾ ಒಂದ ಕೈಯಿಂದ ಹೊಸದದ್ದು ತಂಗಿ. ಅರ್ಧ ನನ್ನ ಕೈ, ಅರ್ಧ ಬ್ಯಾರೇದವರ ಕೈ ಇರ್ತತೇನು?"

ಅವತ್ತಿನಿಂದ ನನಗೆ ಊಟ ಸೇರಲಿಲ್ಲ. ಹಗ್ಗ ಸರಿಯಿದ್ದರೆ ದಿನ ತಪ್ಪು. ದಿನ ತಪ್ಪಾದರೆ ಎಣಿಕೆ ತಪ್ಪು. ಆದರೆ ಕಳೆದುಹೋದ ಒಂದು ದಿನದ ಭಾರವನ್ನು ಈಗ ಎಲ್ಲಿಂದ ತರುವುದು? ಕನಿಷ್ಠ ಮುಂದೆ ತಪ್ಪಾಗದ ಹಾಗೆ ಬೇರೆ ಅಳತೆ ಹುಡುಕೋಣ ಎಂದು ಕೂತೆ. ಮಣ್ಣಿನ ಗಡಿಗೆಗೆ ತೂತು ಮಾಡಿ ನೀರಿನ ಹನಿ ಎಣಿಸಿದೆ. ಭಾರದ ದಿನ ಗುಂಡು ಬೇಗ ಬಂದರೆ ಹನಿಯೂ ಬೇಗ ಬೇಗ ಬಿತ್ತು. ಮಠದ ತೂಗುದೀಪವನ್ನು ತಂದು ಕಟ್ಟೆಯ ತೊಲೆಗೆ ಕಟ್ಟಿ ತೂಗಿಬಿಟ್ಟೆ. ಒಂಬತ್ತು ದಿನ ಎಣಿಸಿದೆ. ಒಂಬತ್ತು ದಿನವೂ ಗುಂಡು ಕೆಳಗೆ ಬರುವಷ್ಟರಲ್ಲಿ ದೀಪ ಸರಿಯಾಗಿ ಹನ್ನೆರಡು ಸಲ ತೂಗಿತ್ತು. ಭಾರವಿರಲಿ ಹಗುರವಿರಲಿ, ಹನ್ನೆರಡು. ಸಂತೆಯ ತಕ್ಕಡಿಯಂತೂ ಬಾಯೇ ಬಿಡಲಿಲ್ಲ; ಬೆಲ್ಲ ಭಾರವಾದ ದಿನ ಎದುರಿನ ತೂಕದ ಬಟ್ಟೂ ಅಷ್ಟೇ ಭಾರವಾಗಿರುತ್ತದೆ.

ಅಜ್ಜ ಇದನ್ನೆಲ್ಲ ನೋಡುತ್ತಿದ್ದರು. ಒಂದು ದಿನ ಗಂಟೆಯಾದ ಮೇಲೆ ಚಹಾ ಕುಡಿಯುತ್ತ ಹೇಳಿದರು: "ನಾನೂ ಮಾಡಿ ನೋಡೀನಿ ಕಸ್ತೂರಿ, ನಿನ್ನ ವಯಸ್ಸಿನಾಗ. ಬೀಳೂದನ್ನ ಬೀಳೂದರಿಂದ ಅಳ್ಯಾಕ ಬರೂದಿಲ್ಲ. ಎರಡೂ ಕೂಡೇ ಓಡ್ತಾವ, ಕೂಡೇ ನಿಲ್ತಾವ. ಅದಕ್ಕ ನಮ್ಮ ಹಿರ್ಯಾರು ಮನಿಷಾನ ನಾಡಿ ಇಟ್ರು. ಅದು ಭಾರ ಕೇಳೂದಿಲ್ಲ."

"ಭಾರ ಕೇಳೂದಿಲ್ಲ ಖರೇ ಅಜ್ಜಾರ. ಜ್ವರ ಕೇಳ್ತೈತಿ, ಮೈ ಬಿಸಿ ಆದ್ರ ಓಡ್ತೈತಿ," ಎಂದೆ.

ಅವರು ಲೋಟ ಕೆಳಗಿಟ್ಟರು. ನನ್ನ ಕಡೆ ನೋಡಲಿಲ್ಲ. ಎದ್ದು, ಗೋಡೆ ಹಿಡಿದುಕೊಂಡು ಒಳಗೆ ಹೋದರು. ನನಗೆ ಅಳು ಬಂತು. ಆ ಮನುಷ್ಯನನ್ನು ನಾನು ನನ್ನ ತಂದೆಗಿಂತ ಹೆಚ್ಚು ಗೌರವಿಸಿದ್ದೆ.

ಮೂವತ್ತನೇ ದಿನಕ್ಕೆ ದವಾಖಾನೆಯಲ್ಲಿ ಮತ್ತೆ ತಿಂಗಳ ತೂಕ. ನಾನು ಆ ದಾರಿಯಲ್ಲಿ ಹೋಗುವಾಗ ಜೈನಾಬಿಯ ದನಿ ಬೀದಿಗೆ ಕೇಳುತ್ತಿತ್ತು. "ಕೂಸಿಗೆ ಅಂತ ಕೊಟ್ಟ ರಾಗಿ ಸರಿ ನೀವು ಕುಡ್ಯಾಕತ್ತೀರೇನು? ಹ್ವಾದ ತಿಂಗಳ ಒಂದೊಂದು ಕೂಸು ಒಂದು ಕಿಲೋ ಏರಿತ್ತು. ಈಗ ನೋಡಿದ್ರ ಎಲ್ಲಾ ಇಳದು ಕುಂತಾವ!" ತಾಯಂದಿರು ತಲೆತಗ್ಗಿಸಿ ನಿಂತಿದ್ದರು. ಒಬ್ಬಳು ಕಣ್ಣೊರೆಸಿಕೊಳ್ಳುತ್ತಿದ್ದಳು.

ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಎಲ್ಲ ಕೂಸುಗಳೂ ಒಂದೇ ತಿಂಗಳು ಏರಿ, ಎಲ್ಲವೂ ಒಂದೇ ತಿಂಗಳು ಇಳಿಯುತ್ತವೆಯೇ?

ಜೈನಾಬಿಯ ತಕ್ಕಡಿ ಸಂತೆಯ ತಕ್ಕಡಿಯಂಥದ್ದಲ್ಲ. ಸ್ಪ್ರಿಂಗಿನದು. ಮೇಲಿನಿಂದ ತೂಗುಬಿಟ್ಟಿರುತ್ತದೆ, ಕೂಸು ಎಷ್ಟು ಜಗ್ಗುತ್ತದೋ ಅಷ್ಟು ಮುಳ್ಳು ಇಳಿಯುತ್ತದೆ. ಭಾರದ ದಿನ ಅದೇ ಕೂಸು ಹೆಚ್ಚು ತೋರಿಸುತ್ತದೆ, ಹಗುರ ದಿನ ಕಡಿಮೆ. ಅದಕ್ಕೇ ಅವಳು ಗೋಡೆಯ ಮೇಲೆ ಒಂದು ಪಟ್ಟಿ ಬರೆದುಕೊಂಡಿದ್ದಾಳೆ. ಗಂಟೆ ಇಷ್ಟಿದ್ದರೆ ಇಷ್ಟು ಕೂಡಿಸು, ಇಷ್ಟಿದ್ದರೆ ಇಷ್ಟು ಕಳೆ. ಎಲ್ಲ ಜನ ಹೋದ ಮೇಲೆ ನಾನು ಕೇಳಿದೆ: "ಜೈನಾಬಕ್ಕಾ, ಆ ದಿನದ್ದು ಬರದೀಯಲ್ಲ, ಆ ವಹಿ ತೋರಸ್ತೀ?"

ಯಾವ ದಿನ ಎಂದು ಅವಳು ಕೇಳಲಿಲ್ಲ. ವಹಿ ತೆಗೆದಳು. ಹದಿನಾರು ಕೂಸುಗಳ ತೂಕ ಬರೆದಿತ್ತು. ಪ್ರತಿಯೊಂದರ ಮುಂದೆ ಮುಳ್ಳು ತೋರಿಸಿದ ಅಂಕಿ, ಆಮೇಲೆ ಮೂವತ್ತೆರಡರ ಲೆಕ್ಕದಲ್ಲಿ ಕೂಡಿಸಿದ ಅಂಕಿ. ಹದಿನೇಳನೆಯದು ರೇಣವ್ವನ ಮಗಳು ಸಾವಂತ್ರಿ. ಮುಳ್ಳಿನ ಅಂಕಿ ಆರು ಕಿಲೋ ನಾಲ್ಕುನೂರು ಎಂದಿತ್ತು. ಮುಂದಿನ ಮನೆ ಖಾಲಿ. ಅಲ್ಲಿಗೆ ಪೆನ್ನು ನಿಂತಿತ್ತು.

"ಹಿಂದಿನ ತಿಂಗಳು ಇದು ಎಷ್ಟಿತ್ತು?"

"ಐದು ಆರನೂರು. ಇವತ್ತ ಆರು ಮುನ್ನೂರು." ಅವಳು ಗೋಡೆಯ ಪಟ್ಟಿ ನೋಡಿದಳು. "ಅವತ್ತ ಮೂವತ್ತೆರಡು ಹಿಡದ್ರ ಏಳು ಮುನ್ನೂರು ಆಗ್ತೈತಿ. ಐದೂವರಿಯಿಂದ ಏಳಕ್ಕ ಹಾರಿ ಮತ್ತ ಆರಕ್ಕ ಇಳೀತೇನಿದು?"

"ಮೂವತ್ತೊಂದು ಹಿಡದು ನೋಡು."

ಹೊಂದಲಿಲ್ಲ. ಮೂವತ್ತು ಹಿಡಿದೆವು, ಇನ್ನೂ ತುಸು ಮೇಲೇ ನಿಂತಿತು. ಇಪ್ಪತ್ತೊಂಬತ್ತು ಹಿಡಿದಾಗ ಆರರ ಹತ್ತಿರ ಬಂದು ಕೂತಿತು, ಹಿಂದಿನ ತಿಂಗಳಿಗೂ ಈ ತಿಂಗಳಿಗೂ ನಡುವೆ. ಉಳಿದ ಹದಿನಾರನ್ನೂ ಹಾಗೇ ಮಾಡಿದೆವು. ಜೈನಾಬಿ ಓದಿದಳು, ನಾನು ಬರೆದೆ. ಇಪ್ಪತ್ತೆಂಟಕ್ಕೆ ಎಲ್ಲವೂ ಕೆಳಗೆ ಬಿದ್ದವು. ಇಪ್ಪತ್ತೊಂಬತ್ತಕ್ಕೆ ಹದಿನೈದು ಕೂಸುಗಳು ತಮ್ಮ ತಮ್ಮ ಜಾಗದಲ್ಲಿ ಕೂತವು. ಒಂದು ಮಾತ್ರ ಹೊಂದಲಿಲ್ಲ, ಅದಕ್ಕೆ ಆ ತಿಂಗಳು ಭೇದಿಯಾಗಿತ್ತು ಎಂದು ಜೈನಾಬಿಗೆ ನೆನಪಿತ್ತು.

"ಮೂವತ್ತೆರಡು ಅಲ್ಲ," ಎಂದಳು ಜೈನಾಬಿ. "ಇಪ್ಪತ್ತೊಂಬತ್ತು. ಜೋಡಿ ಹಗ್ಗದ ದಿನ." ಆಮೇಲೆ ವಹಿಯ ಮೇಲೆ ಕೈ ಇಟ್ಟುಕೊಂಡು, "ಯಾ ಅಲ್ಲಾ, ಆ ಹೆಣ್ಮಕ್ಕಳಿಗೆ ನಾ ಎಷ್ಟ್ ಬೈದೆ," ಎಂದಳು.

ನಲವತ್ತನೇ ದಿನ ಅಗಸಿಯ ಮುಂದೆ ಜನ ಸೇರಿತು. ಫಕೀರವ್ವ ಚಕ್ರವನ್ನು ತಾನೇ ಹೊತ್ತು ತಂದು ನಡುವೆ ಇಟ್ಟಿದ್ದಳು. ಪಕ್ಕದಲ್ಲಿ ಗಂಟು ಕಟ್ಟಿದ ಎರಡು ಸೀರೆ. ಅಡಿವೆಯ್ಯಜ್ಜನನ್ನು ಕುರ್ಚಿ ಹಾಕಿ ಕೂರಿಸಿದ್ದರು. ರೇಣವ್ವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಹೆಂಗಸರ ಸಾಲಿನ ಕೊನೆಯಲ್ಲಿ ಕೂತಿದ್ದಳು. ಗೌಡರು, "ಹಗ್ಗ ಹರೀತು, ಮನಿಷಾ ಸತ್ತ. ಇನ್ನ ಮಾತಾಡೂದು ಏನೈತಿ?" ಎಂದರು.

ನಾನು ವಹಿ ಹಿಡಿದು ಎದ್ದೆ. ತೂಕಗಳನ್ನು ಓದಿದೆ. ಹಿಂದಿನ ತಿಂಗಳು, ಆ ದಿನ, ಈ ತಿಂಗಳು, ಒಂದೊಂದೇ ಕೂಸಿನ ಹೆಸರು ಹೇಳಿ. ಕೇಳುತ್ತ ಕೇಳುತ್ತ ಗೌಡರ ಹುಬ್ಬು ಗಂಟಾಯಿತು.

"ಕೂಸುಗಳ ತೂಕಾ ಹಿಡಕೊಂಡು ಊರ ನಾಡೀನ ತಪ್ಪಂತೀಯೇನವಾ?"

"ಕೂಸುಗಳಿಗೆ ಗಂಟಿ ಎಣಸಾಕ ಬರೂದಿಲ್ರಿ ಗೌಡ್ರ. ಅವಕ್ಕ ಎಷ್ಟ್ ಭಾರ ಆತೋ ಅಷ್ಟ ತೋರ್ಸ್ಯಾವ. ನಾವು ಗಂಟಿ ಕೇಳಿ ನಮ್ಮ ಮೈ ಹೇಳಿದ್ದನ್ನ ಬಿಟ್ವಿ."

ಜನ ಗುಸುಗುಸು ಶುರುಮಾಡಿದರು. ಹುಡುಗಾಟಿಕೆ ಅಂದರು ಕೆಲವರು. ಅಷ್ಟರಲ್ಲಿ ರೇಣವ್ವ ಎದ್ದಳು. ನಲವತ್ತು ದಿನದಲ್ಲಿ ಅವಳು ನಾಲ್ಕು ಜನರ ಮುಂದೆ ಬಾಯಿ ತೆರೆದದ್ದು ಅದೇ ಮೊದಲು.

"ಅವತ್ತ ಮುಂಜಾನೆ ಅವರು ಕಾಲು ಎತ್ತಾಕ ಆಗವಲ್ದು ಅಂದ್ರು. ಇವತ್ತ ಕೆಲಸಕ್ಕ ಹೋಗೂದಿಲ್ಲ ಅಂದ್ರು." ಅವಳ ದನಿ ಏರಲಿಲ್ಲ, ಇಳಿಯಲಿಲ್ಲ. "ನಾನ ಅಂದೆ, ಗಂಟಿ ಕೇಳ್ಸಿಲ್ಲೇನು, ಮೂವತ್ತೆರಡು ಹೊಡದೈತಿ, ಮೈಗಳ್ಳತನ ಮಾಡಬ್ಯಾಡ್ರಿ ಅಂತ. ನಾನ ಕಳಿಸೀನಿ."

ನೀರು ಹೊರುವ ಒಬ್ಬಳು, ಅವತ್ತು ತನ್ನ ಕೊಡವೂ ಹೆಗಲು ಕಿತ್ತಿತ್ತು ಎಂದಳು. ಎತ್ತು ಗಾಡಿ ಏರಿನಲ್ಲಿ ನಿಂತುಬಿಟ್ಟಿತ್ತು ಎಂದ ಇನ್ನೊಬ್ಬ, ಎತ್ತಿಗೆ ಹೊಡೆದೆ ಎಂದ. ಒಬ್ಬ ಮುದುಕ ತನಗೆ ಸಾವು ಹತ್ತಿರ ಬಂತೆಂದು ಅವತ್ತೇ ಮಗಳಿಗೆ ಹೇಳಿಕಳಿಸಿದ್ದನಂತೆ. ಹೀಗೆ ಒಬ್ಬೊಬ್ಬರೇ. ಇಡೀ ಊರಿಗೆ ಗೊತ್ತಿತ್ತು, ಒಬ್ಬರಿಗೂ ಗೊತ್ತಿರಲಿಲ್ಲ.

ಅಡಿವೆಯ್ಯಜ್ಜ ಕುರ್ಚಿಯ ಕೈ ಹಿಡಿದು ಎದ್ದು ನಿಂತರು. ಅಂಗಿಯ ತೋಳು ಮೇಲೆ ಸರಿಸಿ ಮುಂಗೈ ಮುಂದೆ ಚಾಚಿದರು, ಅದನ್ನು ಈಗಲೂ ಯಾರಾದರೂ ಹಿಡಿದು ಎಣಿಸಬೇಕು ಎನ್ನುವ ಹಾಗೆ.

"ಅವತ್ತ ನನಗ ಮೈಬಿಸಿ ಇತ್ತು," ಎಂದರು. "ಹಿಂದಿನ ದಿನದಿಂದಾನೇ ಇತ್ತು. ಹೇಳಿದ್ರ ಗಂಟಿ ನಿಲ್ತೈತಿ, ನಲವತ್ತೊಂದು ವರ್ಷದಾಗ ಒಂದು ದಿನಾ ನಿಂತಿಲ್ಲ ಅನ್ನೂ ಸೊಕ್ಕು ನನಗ. ತಪ್ಪು ನಂದು. ಫಕೀರವ್ವನ ಹಗ್ಗದ್ದಲ್ಲ." ಅವರು ಉಸಿರು ತೆಗೆದುಕೊಂಡರು. "ಕಸ್ತೂರಿಗೆ ಇದು ಗೊತ್ತಿರಲಿಲ್ಲ. ಆಕೀ ಎಣಿಸಾಕಿ ಅಷ್ಟ. ಆಕೀನ ಯಾರೂ ಅನಬ್ಯಾಡ್ರಿ."

ಹನ್ನೊಂದು ವರ್ಷ ನಾನು ಆ ಮುಂಗೈ ಹಿಡಿದಿದ್ದೆ. ಸುಳ್ಳು ಹೇಳುವಾಗ ಅವರ ನಾಡಿ ಹೇಗೆ ಬಡಿಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ, ಅವರು ನನ್ನೆದುರು ಸುಳ್ಳು ಹೇಳಿದ್ದೇ ಇಲ್ಲ. ಈಗ ನನಗಾಗಿ ಹೇಳುತ್ತಿದ್ದರು. ಅದನ್ನು ತೆಗೆದುಕೊಂಡು ಮನೆಗೆ ಹೋಗಿಬಿಡಬಹುದಿತ್ತು. ಫಕೀರವ್ವ ಉಳಿದಿದ್ದಳು, ಚಕ್ರ ಉಳಿದಿತ್ತು, ಇನ್ನೇನು ಬೇಕು? ರೇಣವ್ವ ಮಾತ್ರ ನನ್ನನ್ನೇ ನೋಡುತ್ತಿದ್ದಳು. ತನ್ನ ಗಂಡನನ್ನು ತಾನೇ ಕಳಿಸಿದೆ ಎಂದು ಊರ ಮುಂದೆ ಹೇಳಿದವಳು ಅವಳು. ಅವಳ ಮುಂದೆ ನಾನು ಗೊತ್ತಿಲ್ಲದವಳಾಗಿ ಹೇಗೆ ನಿಲ್ಲಲಿ?

"ಗೊತ್ತಿತ್ತು," ಎಂದೆ. "ಕೈ ಹಿಡದ ಕೂಡ್ಲೆ ಗೊತ್ತಾತು. ನನ್ನ ಮನ್ಯಾಗ ಏಳು ಕೌದಿ ತೊಳಿಯೂದಿತ್ತು. ಹಗುರ ದಿನ ಬರ್ಲಿ ಅಂತ ಇತ್ತು ಮನಸಿನ್ಯಾಗ. ಅದಕ್ಕ ಬಾಯಿ ಮುಚಗೊಂಡೆ."

ಕೌದಿ ಎಂದಾಗ ಯಾರೋ ಒಬ್ಬರು ನಕ್ಕಂತೆ ಆಯಿತು, ಆಮೇಲೆ ಆ ನಗು ನಿಂತಿತು. ರೇಣವ್ವ ಕೂಸನ್ನು ಎತ್ತಿಕೊಂಡು ಎದ್ದು ಹೋದಳು. ನನ್ನ ಪಕ್ಕದಿಂದಲೇ ಹೋದಳು. ಏನಾದರೂ ಅಂದಿದ್ದರೆ, ಉಗುಳಿದ್ದರೆ, ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಫಕೀರವ್ವ ಚಕ್ರ ಹೊತ್ತುಕೊಂಡು ಮನೆಗೆ ಹೋದಳು. ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ. ಮೊದಲ ವಾರ ನಾನು ಸುಮ್ಮನಿದ್ದದ್ದು ಅವಳಿಗೆ ಸರಿಯಾಗಿ ಲೆಕ್ಕ ಇದೆ. ಅಜ್ಜ ಕಟ್ಟೆ ಬಿಟ್ಟರು. ನನ್ನನ್ನು ಬಿಡಿಸಲು ಊರು ಎರಡು ದಿನ ಜಗಳಾಡಿತು. ಎಣಿಸಲು ಬರುವವರು ಬೇರೆ ಯಾರೂ ಇಲ್ಲವೆಂದು ಕೊನೆಗೆ ಉಳಿಸಿತು, ಕ್ಷಮಿಸಿದ್ದರಿಂದ ಅಲ್ಲ. ಆದರೆ ಒಬ್ಬರ ನಾಡಿಯನ್ನು ನಂಬುವುದು ಇನ್ನು ಬೇಡವೆಂದು ತೀರ್ಮಾನವಾಯಿತು. ದಿನವೂ ಮೂವರ ಕೈ, ಗುಂಡು ಮೂರು ಸಲ. ಅದರ ಜೊತೆಗೆ ಒಂದು ಸ್ಪ್ರಿಂಗ್ ತಕ್ಕಡಿಗೆ ಒಂದೇ ಕಲ್ಲು ತೂಗುಹಾಕಿ ಅದರ ಮುಳ್ಳನ್ನೂ ನೋಡಬೇಕು. ತಕ್ಕಡಿ ಒಂದೇ ಸಾಕಲ್ಲ ಎಂದರು ಗೌಡರು. ಸ್ಪ್ರಿಂಗಿಗೂ ವಯಸ್ಸಾಗುತ್ತದೆ ಎಂದಳು ಜೈನಾಬಿ. ಈಗ ಮೊದಲು ದೊಡ್ಡ ಗಂಟೆ, ಆಮೇಲೆ ಸಣ್ಣ ಗಂಟೆ. ಮೂವರ ಎಣಿಕೆಯಲ್ಲಿ ಎಷ್ಟು ಅಂತರ ಬಂತೋ ಅಷ್ಟು ಸಲ ಸಣ್ಣದು. ಸಣ್ಣ ಗಂಟೆ ಎರಡಕ್ಕಿಂತ ಹೆಚ್ಚು ಬಾರಿಸಿದರೆ ದೊಡ್ಡದು ಎಷ್ಟೇ ಹೇಳಲಿ, ಜೋಡಿ ಹಗ್ಗ ಹಾಕುತ್ತಾರೆ. ಮುಂಜಾನೆ ಎರಡೆರಡು ಗಂಟೆ ಕೇಳುವುದು ಯಾರಿಗೆ ಬೇಕಿತ್ತು ಎಂದು ಗೊಣಗುತ್ತಾರೆ, ಆದರೆ ಕೇಳುತ್ತಾರೆ.

ಮೂವರಲ್ಲಿ ಒಬ್ಬಳು ಜೈನಾಬಿ. ಇನ್ನೊಬ್ಬರು ಓಣಿಯಿಂದ ಸರದಿಯಲ್ಲಿ ಬರುತ್ತಾರೆ. ಮೂರನೆಯವರು ಯಾರು ಎಂದು ಊರು ಕೇಳಿದಾಗ ಯಾರೂ ಮುಂದೆ ಬರಲಿಲ್ಲ. ಹೊಸ ಎಣಿಕೆಯ ಮೊದಲ ಮುಂಜಾನೆ ನಾನು ಇಬ್ಬರ ಕೈ ಎಣಿಸಿ ಮುಗಿಸಿ ಕಟ್ಟೆಯ ಮೇಲೆ ಕೂತಿದ್ದೆ. ರೇಣವ್ವ ಮೆಟ್ಟಿಲು ಹತ್ತಿ ಬಂದು ನನ್ನ ಎದುರು ಕೂತು ಕೈ ಮುಂದೆ ಮಾಡಿದಳು.

ಹಿಡಿಯಲು ನನಗೆ ಧೈರ್ಯವಾಗಲಿಲ್ಲ.

"ಹಿಡಿ," ಎಂದಳು.

ಹಿಡಿದೆ. ಹೊಸ ನಿಯಮದಂತೆ ಮೊದಲು ಕೈ ಹೇಗಿದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕು. "ಕೈ ತಣ್ಣಗೈತಿ," ಎಂದೆ. ದಾರ ಎಳೆದೆ. ಗುಂಡು ಹೊರಟಿತು. ನನ್ನ ಬೆರಳ ಕೆಳಗೆ ಅವಳ ನಾಡಿ ಹೊಡೆದುಕೊಳ್ಳುತ್ತಿತ್ತು. ಅದನ್ನು ಬಿಟ್ಟು ಬೇರೆ ಏನನ್ನೂ ಕೇಳದಂತೆ ಕಣ್ಣು ಮುಚ್ಚಿ ಎಣಿಸಿದೆ. ಜಾಗಟೆ ಬಡಿಯಿತು.

"ಎಷ್ಟು?"

"ಮೂವತ್ತೇಳು. ಬ್ಯಾರೇದವರದು ಮೂವತ್ತು, ಮೂವತ್ತೊಂದು ಬಂದೈತಿ." ಅವಳ ಕೈ ಇನ್ನೂ ನನ್ನ ಕೈಯಲ್ಲೇ ಇತ್ತು. "ನಿನ್ನ ನಾಡಿ ಓಡಾಕತ್ತೈತಿ ರೇಣವ್ವಾ."

"ಓಡ್ತೈತಿ," ಎಂದಳು ಅವಳು. "ನಿನ್ನ ಮುಖಾ ನೋಡಿದ್ರ ಓಡ್ತೈತಿ. ಹಂಗ ಬರಿ."

ಹಾಗೇ ಬರೆದೆ. ಅವತ್ತು ಸಣ್ಣ ಗಂಟೆಯನ್ನು ಏಳು ಸಲ ಹೊಡೆದೆ. ಊರಿನಲ್ಲಿ ಯಾರೂ ಕಲ್ಲು ಎತ್ತಲಿಲ್ಲ.